ಕೋಚ್ ಹುಡುಕಾಟಕ್ಕೆ ಫ್ಲೈಟ್‌ರೇಡಾರ್24: ಮೂರು ದಿನ ಕಣ್ಣಿಟ್ಟು ನೋಡಿದವಳ ಅನುಭವ

ಈ ಆಪ್ ನನ್ನ ಫೋನಿಗೆ ಬಂದಿದ್ದು ಅಪ್ಪ ಅಮ್ಮನ ಸಲುವಾಗಿ. ಬೆಂಗಳೂರಲ್ಲಿ ಅವರು ವಿಮಾನ ಹತ್ತಿದ ಮೇಲೆ ಎಲ್ಲಿದ್ದಾರೆ, ಅಟ್ಲಾಂಟಾಗೆ ಯಾವಾಗ ಇಳಿಯುತ್ತಾರೆ, ನಾವು ಮನೆ ಬಿಡಬೇಕಾಗಿದ್ದು ಎಷ್ಟು ಗಂಟೆಗೆ ಅಂತ ನೋಡೋಕೆ. ಅಮೆರಿಕದಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಫ್ಲೈಟ್‌ರೇಡಾರ್24 ಇರುವುದು ಇದಕ್ಕೇ. ಆದರೆ ಅದು ಎಷ್ಟು ಒಳ್ಳೆಯ ಆಪ್ ಅಂತ ನನಗೆ ಪೂರ್ತಿ ಗೊತ್ತಾಗಿದ್ದು 2024ರ ಜನವರಿ 10, 11, 12ರಂದು. ಅಲಬಾಮಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಮುಂದಿನ ಹೆಡ್ ಕೋಚ್ ಯಾರು ಅಂತ ಇಡೀ ರಾಜ್ಯ ಊಟ ನಿದ್ದೆ ಬಿಟ್ಟು ಕಾಯುತ್ತಿದ್ದ ದಿನಗಳು ಅವು.

ನಾನು ಆ ವಿಶ್ವವಿದ್ಯಾಲಯ ಇರುವ ಟಸ್ಕಲೂಸಾದಲ್ಲೇ ಎಂ.ಎಸ್. ಓದಿದವಳು. ಈಗ ಇರುವುದೂ ಅಲ್ಲಿಂದ ಒಂದು ಗಂಟೆ ದೂರದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಊರಲ್ಲಿರುವವರಿಗೆ ಇದನ್ನು ಹೇಳಿದರೆ ಕಾಲೇಜು ಟೀಮಿಗೆ ಇಷ್ಟೊಂದಾ ಅನ್ನುತ್ತಾರೆ. ಆ ತಂಡದ ಬ್ರಯಂಟ್ ಡೆನ್ನಿ ಸ್ಟೇಡಿಯಂನಲ್ಲಿ ಒಂದು ಲಕ್ಷ ಜನ ಕೂರುತ್ತಾರೆ. ಟಸ್ಕಲೂಸಾ ಊರಿನ ಜನಸಂಖ್ಯೆಯೇ ಸುಮಾರು ಅಷ್ಟು. ಅಷ್ಟು ಹೇಳಿದರೆ ಸಾಕು ಅಲ್ವಾ.

ನಿಕ್ ಸೇಬನ್ ಅಲ್ಲಿ 17 ವರ್ಷ ಕೋಚ್ ಆಗಿದ್ದರು. ಆರು ರಾಷ್ಟ್ರೀಯ ಚಾಂಪಿಯನ್‌ಶಿಪ್ ತಂದುಕೊಟ್ಟವರು. ಜನವರಿ 10, ಬುಧವಾರ ಸಂಜೆ ಅವರು ನಿವೃತ್ತಿ ಆಗುತ್ತಿದ್ದಾರೆ ಅಂತ ಸುದ್ದಿ ಬಂತು. ರೋಸ್ ಬೌಲ್ ಪಂದ್ಯದಲ್ಲಿ ಮಿಷಿಗನ್ ಎದುರು ಸೋತು ಇನ್ನೂ ಹತ್ತು ದಿನವೂ ಆಗಿರಲಿಲ್ಲ. ಸ್ಟೇಡಿಯಂ ಹೊರಗಿನ ಅವರ ಪ್ರತಿಮೆಯ ಕಾಲ ಬಳಿ ಜನ ಓಟ್‌ಮೀಲ್ ಕ್ರೀಮ್ ಪೈ ಇಟ್ಟು ಹೋದರು, ಅವರು ದಿನಾ ಬೆಳಿಗ್ಗೆ ತಿನ್ನುತ್ತಿದ್ದ ತಿಂಡಿ ಅದು. ದೇವರಿಗೆ ನೈವೇದ್ಯ ಇಟ್ಟ ಹಾಗೆ. ನನಗೂ ಗಂಟಲು ಕಟ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಶುರುವಾಯಿತು ಹೆಸರುಗಳ ಮಳೆ, ಎಲ್ಲ ಬೇರೆ ವಿಶ್ವವಿದ್ಯಾಲಯಗಳ ಕೋಚ್‌ಗಳದ್ದು. ಒರೆಗಾನ್‌ನ ಡ್ಯಾನ್ ಲ್ಯಾನಿಂಗ್, ಟೆಕ್ಸಸ್‌ನ ಸ್ಟೀವ್ ಸಾರ್ಕೀಸಿಯನ್, ಫ್ಲಾರಿಡಾ ಸ್ಟೇಟ್‌ನ ಮೈಕ್ ನಾರ್ವೆಲ್, ವಾಷಿಂಗ್ಟನ್‌ನ ಕೇಲನ್ ಡಿಬೋರ್. ಕ್ಲೆಮ್ಸನ್‌ನ ಡ್ಯಾಬೋ ಸ್ವಿನಿ ಹೆಸರು ಕೂಡ ಬಂತು, ಯಾಕೆಂದರೆ ಅವರು ಅಲಬಾಮಾದಲ್ಲೇ ಆಡಿ ಬೆಳೆದವರು. ಆದರೆ ಅವರ ಒಪ್ಪಂದದಲ್ಲಿ ಒಂದು ಸಾಲಿತ್ತು: ಬೇರೆ ಕಡೆ ಹೋದರೆ ಕಟ್ಟಬೇಕಾದ ದುಡ್ಡಿನ ಒಂದೂವರೆ ಪಟ್ಟನ್ನು ಅಲಬಾಮಾಕ್ಕೆ ಹೋದರೆ ಕಟ್ಟಬೇಕು. ಕ್ಲೆಮ್ಸನ್‌ನವರು ಮೊದಲೇ ಬೇಲಿ ಹಾಕಿಟ್ಟಿದ್ದರು.

ಇಲ್ಲಿ ನನ್ನದೊಂದು ನಷ್ಟದ ಕಥೆ ಹೇಳಲೇಬೇಕು. ಒಳಗಿನ ಸುದ್ದಿ ಕೊಡುತ್ತೇವೆ ಅನ್ನುವ ಒಂದು ಸೇವೆಗೆ ಆ ಬುಧವಾರ ರಾತ್ರಿಯೇ ಚಂದಾ ಕಟ್ಟಿದೆ. ಹೆಸರು ಬೇಡ. ಗುರುವಾರ ಬೆಳಿಗ್ಗೆ ಲ್ಯಾನಿಂಗ್ ಜೊತೆ ಮಾತುಕತೆ ಮುಗಿದಿದೆ, ಸಹಿ ಒಂದೇ ಬಾಕಿ ಅಂತ ಬರೆದರು. ನಾನು ಖುಷಿಯಿಂದ ನಮ್ಮನೆಯವರಿಗೆ ಹೇಳಿದ್ದೂ ಆಯಿತು. ಅವತ್ತೇ ಲ್ಯಾನಿಂಗ್ ಸ್ವತಃ ವಿಡಿಯೋ ಹಾಕಿ ನಾನು ಒರೆಗಾನ್ ಬಿಟ್ಟು ಎಲ್ಲಿಗೂ ಹೋಗಲ್ಲ ಅಂದರು. ಆ ಸೇವೆಯವರು ಬೆಳಗಿನ ಬರಹ ತೆಗೆದುಹಾಕಿ, ಏನೂ ಆಗಿಲ್ಲ ಅನ್ನುವ ಹಾಗೆ ಸಂಜೆ ಬೇರೆ ಹೆಸರು ಹಿಡಿದು ಕೂತರು. ದುಡ್ಡು ವಾಪಸ್ ಕೇಳಿದರೆ ಉತ್ತರವೇ ಇಲ್ಲ.

ಆಗ ನೆನಪಾಗಿದ್ದು ಈ ಆಪ್. ನೆನಪಿಸಿದ್ದು ಪಕ್ಕದ ಮನೆಯ ಅಜ್ಜ. ಅವರಿಗೆ ಈ ಊರಿನ ಫುಟ್‌ಬಾಲ್ ಚರಿತ್ರೆ ಬಾಯಿಪಾಠ. 2006ರ ಡಿಸೆಂಬರ್ 21ರಂದು, ಮಯಾಮಿ ಡಾಲ್ಫಿನ್ಸ್ ಅನ್ನುವ ವೃತ್ತಿಪರ ತಂಡದ ಕೋಚ್ ಆಗಿದ್ದ ಸೇಬನ್ ನಾನು ಅಲಬಾಮಾ ಕೋಚ್ ಆಗಲ್ಲ ಅಂತ ಎಲ್ಲರೆದುರು ಹೇಳಿದ್ದರು. 2007ರ ಜನವರಿ 3ರಂದು ಅವರೇ ಟಸ್ಕಲೂಸಾದಲ್ಲಿ ವಿಮಾನದಿಂದ ಇಳಿದರು. ಅವತ್ತು ವಿಮಾನ ನಿಲ್ದಾಣದ ಬೇಲಿ ಹಿಡಿದು ನಿಂತವರಲ್ಲಿ ಈ ಅಜ್ಜನೂ ಒಬ್ಬರು. "ಬಾಯಿಮಾತು ಬಿಟ್ಟುಬಿಡು ಮಗಳೇ, ವಿಮಾನ ನೋಡು" ಅಂದರು.

ಈಗ ಆಪ್ ವಿಚಾರಕ್ಕೆ. ಸ್ವೀಡನ್‌ನಲ್ಲಿ 2006ರಲ್ಲಿ ಇಬ್ಬರು ವಿಮಾನ ಪ್ರಿಯರು ಹವ್ಯಾಸಕ್ಕೆ ಶುರು ಮಾಡಿದ್ದು ಇದು. ಕೆಲಸ ಮಾಡುವ ರೀತಿ ಸರಳ. ಈಗಿನ ಬಹುತೇಕ ವಿಮಾನಗಳು ತಾವು ಎಲ್ಲಿದ್ದೇವೆ, ಎಷ್ಟು ಎತ್ತರ, ಎಷ್ಟು ವೇಗ ಅಂತ ರೇಡಿಯೋ ಸಂಕೇತ ಬಿಡುತ್ತಾ ಹೋಗುತ್ತವೆ. ಅಮೆರಿಕದ ದೊಡ್ಡ ನಿಲ್ದಾಣಗಳ ಸುತ್ತ ಮತ್ತು ಎತ್ತರದ ಆಕಾಶದಲ್ಲಿ ಹಾರಬೇಕಾದರೆ 2020ರಿಂದ ಇದು ಕಡ್ಡಾಯ. ಆ ಸಂಕೇತವನ್ನು ಪ್ರಪಂಚದ ತುಂಬಾ ಜನ ತಮ್ಮ ಮನೆ ಮೇಲೆ ಇಟ್ಟುಕೊಂಡಿರುವ ಚಿಕ್ಕ ರಿಸೀವರ್‌ಗಳು ಹಿಡಿದು ಕಳಿಸುತ್ತವೆ. ಅದೆಲ್ಲ ಸೇರಿ ನಮ್ಮ ನಕ್ಷೆಯ ಮೇಲೆ ಹಳದಿ ಬಣ್ಣದ ಪುಟ್ಟ ವಿಮಾನವಾಗಿ ಹರಿದಾಡುತ್ತದೆ.

ಕೋಚ್ ಹುಡುಕಾಟಕ್ಕೆ ಇದು ಯಾಕೆ ಅಷ್ಟು ಚೆನ್ನಾಗಿ ಒದಗುತ್ತದೆ ಅಂದರೆ, ಟಸ್ಕಲೂಸಾ ನಿಲ್ದಾಣಕ್ಕೆ ದಿನನಿತ್ಯದ ಏರ್‌ಲೈನ್ ವಿಮಾನವೇ ಇಲ್ಲ. ಬರುವುದು ಹೋಗುವುದು ಹೆಚ್ಚಾಗಿ ಸ್ವಂತದ್ದು, ಇಲ್ಲ ಬಾಡಿಗೆಯದ್ದು. ಹಾಗಾಗಿ ಅಲ್ಲಿಂದ ಒಂದು ಜೆಟ್ ಎದ್ದು ದೇಶದ ಇನ್ನೊಂದು ಮೂಲೆಗೆ ಮೂಗು ತಿರುಗಿಸಿದರೆ ಅದಕ್ಕೆ ಏನೋ ಅರ್ಥ ಇರಬಹುದು. ಆಪ್‌ನಲ್ಲಿ ಟಿಸಿಎಲ್ ಅಂತ ಹುಡುಕಿದರೆ ಆ ನಿಲ್ದಾಣದ ಪುಟ ತೆರೆಯುತ್ತದೆ. ಬಂದದ್ದು, ಹೊರಟದ್ದು ಎರಡೂ ಅಲ್ಲೇ. ಡಿಬೋರ್ ಇದ್ದ ಸಿಯಾಟಲ್‌ನಂಥ ದೊಡ್ಡ ಊರಿನ ಕಡೆಯಿಂದ ಹುಡುಕಲು ಹೋದರೆ ಇಷ್ಟು ಸುಲಭ ಅಲ್ಲ, ಸಂತೆಯಲ್ಲಿ ಮಗು ಹುಡುಕಿದ ಹಾಗೆ. ಚಿಕ್ಕ ಊರಿನ ಕಡೆಯಿಂದ ಹುಡುಕಬೇಕು, ಇದು ನಾನು ಕಲಿತದ್ದು.

ಆದರೆ ಒಂದು ಮಾತು. ವಿಮಾನ ಎಲ್ಲಿದೆ ಅಂತ ಗೊತ್ತಾಗುತ್ತದೆ, ಒಳಗೆ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ. ಗುರುವಾರ ಒಂದು ಜೆಟ್ ಪಶ್ಚಿಮಕ್ಕೆ ಹೊರಟಿತು. ನಾನು ಎದೆ ಹಿಡಿದುಕೊಂಡು ನೋಡಿದೆ, ಮಿಸ್ಸಿಸ್ಸಿಪ್ಪಿ ದಾಟಿತು, ಲೂಸಿಯಾನಾ ದಾಟಿತು, ಇನ್ನೇನು ಟೆಕ್ಸಸ್ ತಂಡದ ಊರು ಆಸ್ಟಿನ್, ಸಾರ್ಕೀಸಿಯನ್ನೇ ಅಂದುಕೊಂಡೆ. ಅದು ಡಲ್ಲಾಸ್ ಹತ್ತಿರ ಇಳಿದು, ಅರ್ಧ ದಿನ ಅಲ್ಲೇ ನಿಂತು ವಾಪಸ್ ಬಂತು. ಯಾರದ್ದೋ ವ್ಯಾಪಾರದ ಕೆಲಸ ಇದ್ದಿರಬೇಕು. ಇದಕ್ಕೆ ಆಪ್ ಅನ್ನು ದೂರುವುದು ತಪ್ಪು. ಅದು ಸಾರ್ಕೀಸಿಯನ್ ಅಂತ ಎಲ್ಲೂ ಹೇಳಿರಲಿಲ್ಲ, ಹೇಳಿಕೊಂಡವಳು ನಾನು.

ಇನ್ನೆರಡು ಮಿತಿಗಳು ಗೊತ್ತಿರಲಿ. ವಿಮಾನದ ಮಾಲೀಕರು ಬೇಡ ಅಂತ ಅಮೆರಿಕದ ವಿಮಾನಯಾನ ಇಲಾಖೆಗೆ ಅರ್ಜಿ ಕೊಟ್ಟರೆ ಅವರ ವಿಮಾನದ ವಿವರ ಇಂಥ ಆಪ್‌ಗಳಲ್ಲಿ ಮರೆಯಾಗುತ್ತದೆ. ದೊಡ್ಡ ದಾನಿಗಳ ಜೆಟ್‌ನಲ್ಲಿ ಕೋಚ್ ಬಂದರೆ ನಮಗೆ ಕಾಣದೇ ಹೋಗಬಹುದು. ಎರಡನೆಯದು, ವಿಮಾನ ತುಂಬಾ ಕೆಳಗೆ ಬಂದಾಗ, ಇಲ್ಲ ಸಮುದ್ರದ ಮೇಲಿದ್ದಾಗ, ಹತ್ತಿರದಲ್ಲಿ ರಿಸೀವರ್ ಇಲ್ಲದಿದ್ದರೆ ಸಂಕೇತ ಸಿಗುವುದಿಲ್ಲ, ಇಳಿಯುವ ಮುಂಚೆಯೇ ನಕ್ಷೆಯಿಂದ ಮಾಯ. ಹೆದರಬೇಡಿ, ಏನೂ ಆಗಿರುವುದಿಲ್ಲ. ಅಪ್ಪ ಅಮ್ಮನ ವಿಮಾನ ಮೊದಲ ಸಲ ಸಮುದ್ರದ ಮೇಲೆ ಹಾಗೆ ಮಾಯವಾದಾಗ ನನ್ನ ಜೀವ ಬಾಯಿಗೆ ಬಂದಿತ್ತು.

ಶುಕ್ರವಾರ ಸಂಜೆ ನಾನೂ ನಮ್ಮನೆಯವರೂ ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದೆವು. ಬೆರಳಿಗೆಲ್ಲ ಕೊಬ್ಬರಿ ಎಣ್ಣೆ, ಫೋನ್ ಮುಟ್ಟಿದರೆ ಜಾರುತ್ತಿತ್ತು, ಅದಕ್ಕೇ ಅದನ್ನು ಬೆಲ್ಲದ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದೆ. ಅಷ್ಟು ಹೊತ್ತಿಗೆ ಡಿಬೋರ್ ಹೆಸರು ಪಕ್ಕಾ ಆಗಿತ್ತು. ನಾನು ಹಿಂಬಾಲಿಸುತ್ತಿದ್ದ ವಿಮಾನ ವಾಯವ್ಯದ ಕಡೆಯಿಂದ ಇಷ್ಟಿಷ್ಟೇ ಬರುತ್ತಿತ್ತು. ಆಗಲೇ ದಾವಣಗೆರೆಯಿಂದ ಅಮ್ಮನ ವಿಡಿಯೋ ಕಾಲ್. ಅಲ್ಲಿ ಬೆಳಗಿನ ಜಾವ, ಕೈಯಲ್ಲಿ ಕಾಫಿ ಲೋಟ. ಪರದೆ ತೋರಿಸಿದರೆ, "ಯಾರು ಬರ್ತಿದಾರೆ ಕಣೇ? ನಂಗೆ ಹೇಳೇ ಇಲ್ವಲ್ಲ!" ಅಂದರು. ಅವರ ಲೆಕ್ಕದಲ್ಲಿ ಆ ಹಳದಿ ವಿಮಾನದಲ್ಲಿ ನೆಂಟರೇ ಇರುತ್ತಾರೆ. "ಹೊಸ ಕೋಚ್ ಬರ್ತಿದಾರಮ್ಮ" ಅಂದೆ. "ಊಟಕ್ಕೆ ಏನು ಮಾಡಿದೀಯ?" ಅಂತ ಕೇಳಿದರು.

ಡಿಬೋರ್ ಬಗ್ಗೆ ನನಗೆ ಅವತ್ತೇ ಗೌರವ ಇತ್ತು. ವಾಷಿಂಗ್ಟನ್‌ನಲ್ಲಿ ಎರಡು ವರ್ಷಕ್ಕೆ 25 ಗೆಲುವು, 3 ಸೋಲು. ಅದಕ್ಕೂ ಮುಂಚೆ ಸಿಯೂ ಫಾಲ್ಸ್ ಅನ್ನುವ ಚಿಕ್ಕ ಕಾಲೇಜಿನಲ್ಲಿ 67 ಗೆಲುವು, 3 ಸೋಲು. ಅವರನ್ನು ಬಿಡಿಸಿಕೊಂಡು ಬರಲು ವಾಷಿಂಗ್ಟನ್‌ಗೆ 1.2 ಕೋಟಿ ಡಾಲರ್ ಕಟ್ಟಬೇಕಾಯಿತು. ಸೇಬನ್ ಹೊರಟ ಸುದ್ದಿಯಿಂದ ಇಲ್ಲಿಯವರೆಗೆ ಎಲ್ಲ ಸೇರಿ ಸುಮಾರು ಎರಡೇ ದಿನ.

ನಾರ್ವೆಲ್‌ಗೆ ಆ ವಾರವೇ ಫ್ಲಾರಿಡಾ ಸ್ಟೇಟ್ ಹೊಸ ಒಪ್ಪಂದ ಕೊಟ್ಟಿತು, ವರ್ಷಕ್ಕೆ ಕೋಟಿ ಡಾಲರ್‌ಗೂ ಮೇಲೆ. ಹೀಗೆ ಹೆಸರು ತೇಲಿಬಂದ ಮಾತ್ರಕ್ಕೇ ಸಂಬಳ ಏರುತ್ತದೆ. ಅದಕ್ಕೇ ಬಾಯಿಮಾತಿನ ಸುದ್ದಿಯನ್ನು ನಾನು ಈಗ ನಂಬುವುದಿಲ್ಲ, ಅದರಲ್ಲಿ ಯಾರದ್ದಾದರೂ ಲಾಭ ಇದ್ದೇ ಇರುತ್ತದೆ. ನಕ್ಷೆಯ ಮೇಲಿನ ಹಳದಿ ಚುಕ್ಕೆಗೆ ಯಾರ ಲಾಭವೂ ಬೇಕಿಲ್ಲ. (ಅದೇ ನಾರ್ವೆಲ್ ತಂಡ 2025ರ ಮೊದಲ ಪಂದ್ಯದಲ್ಲಿ ನಮ್ಮನ್ನು 31-17ರಲ್ಲಿ ಸೋಲಿಸಿತು. ಆ ಶನಿವಾರ ಇನ್ನೂ ನೋಯುತ್ತದೆ.)

ದುಡ್ಡು ಕೊಡಬೇಕಾ? ಬರೀ ಅಪ್ಪ ಅಮ್ಮನ ವಿಮಾನ ನೋಡುವುದಾದರೆ ಬೇಡ, ಪುಕ್ಕಟೆಯದ್ದೇ ಧಾರಾಳ ಸಾಕು. ಅದರಲ್ಲಿ ಹಿಂದಿನ 7 ದಿನಗಳ ಹಾರಾಟ ಸಿಗುತ್ತದೆ, ಜಾಹೀರಾತು ಬರುತ್ತವೆ ಅಷ್ಟೇ. ಕೋಚ್ ಹುಡುಕಾಟಕ್ಕಾದರೆ ಸಿಲ್ವರ್ ಅನ್ನುವ ಚಂದಾ ತೆಗೆದುಕೊಳ್ಳಿ, 90 ದಿನ ಹಿಂದಕ್ಕೆ ಹೋಗಿ ನೋಡಬಹುದು. ಒಂದು ಜೆಟ್ ಆ ಊರಿಗೆ ಮೊದಲ ಸಲ ಹೋಗುತ್ತಿದೆಯಾ ಅಥವಾ ಪ್ರತಿ ವಾರ ಹೋಗುವುದೇ ಅದರ ಅಭ್ಯಾಸವಾ ಅಂತ ಅದರಲ್ಲಿ ತಿಳಿಯುತ್ತದೆ. ಗುರುವಾರ ಇದು ನನ್ನ ಹತ್ತಿರ ಇದ್ದಿದ್ದರೆ ಡಲ್ಲಾಸ್ ಜೆಟ್ ಹಿಂದೆ ಮೂರು ಗಂಟೆ ಕೂರುತ್ತಿರಲಿಲ್ಲ. ಅದರ ಮೇಲಿನ ಗೋಲ್ಡ್ ಚಂದಾ ನನಗೆ ಬೇಕು ಅನ್ನಿಸಿಲ್ಲ.

ಅಜ್ಜ ಆ ಶುಕ್ರವಾರವೂ ಟಸ್ಕಲೂಸಾಕ್ಕೆ ಹೋಗಿದ್ದರು, ಮಗನ ಕಾರಿನಲ್ಲಿ. ವಿಮಾನ ಊರಿನ ಹತ್ತಿರ ಬಂದು ನನ್ನ ನಕ್ಷೆಯಿಂದ ಮಾಯವಾಯಿತು. ಒಂದು ನಿಮಿಷ, ಎರಡು ನಿಮಿಷ, ಏನೂ ಇಲ್ಲ. ಆಮೇಲೆ ಅಜ್ಜನ ಫೋನ್ ಬಂತು. ಹಿಂದೆ ಜನರ ಕೂಗು ಎಷ್ಟಿತ್ತೆಂದರೆ ಅವರು ಹೇಳಿದ್ದು ನನಗೆ ಅರ್ಧ ಕೇಳಿಸಲಿಲ್ಲ. "ದೀಪ ಕಾಣ್ತಿದೆ, ಇಳೀತಿದೆ" ಅನ್ನುವುದಷ್ಟೇ ಕೇಳಿಸಿತು.