ಎರಡು ಟಿಪ್ಪರಿಗೆ ಒಂದೇ ಎಣ್ಣೆ: ರಿಮುಲಾ ಆರ್4 ಎಲ್ ಹಾಕಿ ಓಡಿಸಿದ ಮೇಲೆ

ನನ್ನವು ಎರಡು ಟಿಪ್ಪರ್. ಒಂದು ಹಳೇ ಟಾಟಾ 2518, ಕಮಿನ್ಸ್ 5.9 ಲೀಟರ್ ಎಂಜಿನ್, ಬಿಎಸ್-3 (ಸರ್ಕಾರದ ಹೊಗೆ ನಿಯಮದ ಮೂರನೇ ಹಂತ) ಕಾಲದ್ದು. ಇನ್ನೊಂದು ಬಿಎಸ್-6, ಅದರಲ್ಲೂ ಕಮಿನ್ಸೇ, 6.7 ಲೀಟರ್. ಎರಡೂ ಸಂಡೂರಿನ ಗಣಿಯಿಂದ ತೋರಣಗಲ್ಲು ಕಡೆ ಅದಿರು ಹೊಡೆಯುತ್ತವೆ. ಇವಕ್ಕೆ ಬೇರೆ ಬೇರೆ ಎಂಜಿನ್ ಆಯಿಲ್ ಬೇಕೋ, ಒಂದೇ ಸಾಕೋ ಅನ್ನುವುದು ನಮ್ಮ ಸ್ಟ್ಯಾಂಡಿನಲ್ಲಿ ಮುಗಿಯದ ಜಗಳ. ನಾನು ಒಂದೇ ಸಾಕು ಅನ್ನುವವನು. ಈಗ ಎರಡಕ್ಕೂ ಹಾಕುತ್ತಿರುವುದು ಶೆಲ್ ರಿಮುಲಾ ಆರ್4 ಎಲ್, 15ಡಬ್ಲ್ಯೂ-40.

ಕೊಳ್ಳುವಾಗ ಕೊನೆಯ ಆ ‘ಎಲ್’ ನೋಡಿಯೇ ದುಡ್ಡು ಕೊಡಿ. ರಿಮುಲಾದಲ್ಲೇ ಆರ್4 ಎಕ್ಸ್ ಅಂತ ಇನ್ನೊಂದಿದೆ, ಅದೂ 15ಡಬ್ಲ್ಯೂ-40. ಎಕ್ಸ್ ಅನ್ನುವುದು ಎಪಿಐ (ಎಣ್ಣೆಗೆ ದರ್ಜೆ ಕೊಡುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಲೆಕ್ಕದಲ್ಲಿ ಸಿಐ-4, ಎಲ್ ಅನ್ನುವುದು ಸಿಕೆ-4. ಎಕ್ಸ್ ಎತ್ತಿಕೊಟ್ಟ ಅಂಗಡಿ ಹುಡುಗನಿಗೆ ಇದಲ್ಲಪ್ಪಾ ಅಂದೆ. “ಎರಡೂ ಹದಿನೈದು ನಲವತ್ತೇ ಅಲ್ವಾ ಅಣ್ಣ? ಎಂಜಿನ್ನಿಗೇನು ಓದಕ್ಕೆ ಬರ್ತೈತಾ?” ಅಂದ. “ಎಂಜಿನ್ನಿಗೆ ಬರಲ್ಲ, ಸೈಲೆನ್ಸರಿಗೆ ಬರ್ತೈತೆ” ಅಂದೆ. ನಕ್ಕ. ಆದರೆ ನಾನು ಹೇಳಿದ್ದು ತಮಾಷೆಗಲ್ಲ.

15ಡಬ್ಲ್ಯೂ-40 ಅನ್ನುವುದು ಎಣ್ಣೆ ಎಷ್ಟು ಗಟ್ಟಿ, ಎಷ್ಟು ತೆಳು ಅನ್ನುವುದನ್ನು ಮಾತ್ರ ಹೇಳುತ್ತದೆ. ಒಳಗೆ ಏನು ಬೆರೆಸಿದ್ದಾರೆ ಅನ್ನುವುದು ಅದರಿಂದ ತಿಳಿಯಲ್ಲ. ಎಣ್ಣೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನ ರಾಸಾಯನಿಕಗಳನ್ನು ಹಾಕಿರುತ್ತಾರೆ, ಎಂಜಿನ್ ಕ್ಲೀನಾಗಿರಲಿ, ಸವೆಯದಿರಲಿ ಅಂತ. ಎಣ್ಣೆ ಸ್ವಲ್ಪ ಸ್ವಲ್ಪವೇ ಉರಿದಾಗ ಇವು ಬೂದಿಯಾಗಿ ಹೊಗೆಯ ಜೊತೆ ಹೋಗುತ್ತವೆ. ಹಳೇ ಗಾಡಿಯಲ್ಲಿ ಆ ಬೂದಿ ಗಾಳಿಗೆ ಹೋಯಿತು, ಕೇಳುವವರಿಲ್ಲ. ಬಿಎಸ್-6 ಗಾಡಿಯಲ್ಲಿ ದಾರಿಗೆ ಅಡ್ಡ ಡಿಪಿಎಫ್ ಕೂತಿದೆ, ಅಂದರೆ ಸೈಲೆನ್ಸರಿನ ಕಡೆ ಇರುವ ಮಸಿ ಹಿಡಿಯುವ ಫಿಲ್ಟರ್. ಹೊಗೆಯ ಮಸಿ ಅದರಲ್ಲಿ ತುಂಬಿಕೊಂಡರೆ ರೀಜೆನ್ ಮಾಡಿ, ಅಂದರೆ ಫಿಲ್ಟರನ್ನು ಚೆನ್ನಾಗಿ ಕಾಯಿಸಿ, ಸುಡಬಹುದು. ಬೂದಿ ಸುಟ್ಟರೆ ಏನಾಗುತ್ತದೆ? ಬೂದಿಯಾಗಿಯೇ ಇರುತ್ತದೆ. ಕಡೆಗೆ ಡಿಪಿಎಫ್ ಬಿಚ್ಚಿ ಕ್ಲೀನ್ ಮಾಡಿಸಬೇಕು, ಇಲ್ಲವೇ ಹೊಸದು ಹಾಕಬೇಕು. ಅದರ ರೇಟು ಕೇಳಿದವರು ಆಮೇಲೆ ಎಣ್ಣೆಯ ರೇಟಿನ ಬಗ್ಗೆ ಮಾತಾಡಲ್ಲ.

ಸಿಕೆ-4 ಎಣ್ಣೆಯಲ್ಲಿ ಈ ಬೂದಿ ನೂರಕ್ಕೆ 1ಕ್ಕಿಂತ ಹೆಚ್ಚಿರಬಾರದು ಅಂತ ಮಿತಿ ಇದೆ. ಸಿಐ-4ಕ್ಕೆ ಅಂಥ ಮಿತಿಯೇ ಇಲ್ಲ, ಯಾಕೆಂದರೆ ಅದು ಬಂದದ್ದು 2002ರಲ್ಲಿ, ಲಾರಿಗಳಿಗೆ ಡಿಪಿಎಫ್ ಮಾಮೂಲಿಯಾಗುವ ಮುಂಚೆ. ಸಿಕೆ-4 ಶುರುವಾದದ್ದು 2016ರ ಡಿಸೆಂಬರಿನಲ್ಲಿ. ಕಮಿನ್ಸ್ ಎಂಜಿನ್ ಇರುವವರು ಬಕೆಟ್ಟಿನ ಹಿಂದೆ ಸಿಇಎಸ್ 20086 ಅನ್ನುವ ಕಮಿನ್ಸ್‌ನವರದೇ ಎಣ್ಣೆ ನಂಬರನ್ನೂ ಹುಡುಕಿ. ಭಾರತ್‌ಬೆಂಜ್‌ನವರು ಎಂಬಿ 228.31 ಅನ್ನುವ ಮರ್ಸಿಡಿಸ್-ಬೆಂಜ್ ನಂಬರ್ ನೋಡಲಿ. ಆರ್4 ಎಲ್‌ನಲ್ಲಿ ಎರಡೂ ಇವೆ. ಅಕ್ಷರ ಮಾತ್ರ ಇರುವೆ ಸಾಲಿನಷ್ಟು ಸಣ್ಣವು, ಯಾವ ಕಂಪನಿಯದಾದರೂ ಅಷ್ಟೇ. ನಾನು ಫೋನಿನಲ್ಲಿ ಫೋಟೊ ಹೊಡೆದು ದೊಡ್ಡದು ಮಾಡಿ ಓದುತ್ತೇನೆ.

ಹಳೇ 2518ಕ್ಕೆ ಸಿಕೆ-4 ಯಾಕೆ ದಂಡ ಅಂತ ನಮ್ಮ ಮೇಸ್ತ್ರಿಯ ವಾದ. ಹಳೇ ಎಂಜಿನ್ನಿಗೆ ಕ್ಷಾರ ಜಾಸ್ತಿ ಇರುವ ಎಣ್ಣೆಯೇ ಬೇಕು, ಡೀಸೆಲ್ಲಿನ ಗಂಧಕದಿಂದ ಆಗುವ ಆಸಿಡ್ಡನ್ನು ಹೊಡೆಯಬೇಕಲ್ಲ ಅನ್ನುತ್ತಾನೆ. ಒಂದು ಕಾಲಕ್ಕೆ ಸರಿಯಾದ ಮಾತೇ. ಬಿಎಸ್-3 ಡೀಸೆಲ್ಲಿನಲ್ಲಿ ಗಂಧಕ 350 ಪಿಪಿಎಂವರೆಗೆ ಇರುತ್ತಿತ್ತು. ಆದರೆ 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕಿನಲ್ಲೂ ಸಿಗುವುದು 10 ಪಿಪಿಎಂ ಡೀಸೆಲ್. ಗಾಡಿ ಹಳೇದಾದರೂ ಕುಡಿಯುವುದು ಹೊಸ ಡೀಸೆಲ್ಲನ್ನೇ. ಮೇಸ್ತ್ರಿ ಇದಕ್ಕೆ ಉತ್ತರ ಕೊಡಲಿಲ್ಲ, ಒಪ್ಪಲೂ ಇಲ್ಲ.

ಹಳೇ ಗಾಡಿಯಲ್ಲಿ ಫಲಿತಾಂಶ ಚೆನ್ನಾಗಿದೆ. ಏಪ್ರಿಲ್ ತಿಂಗಳ ನಮ್ಮ ಬಳ್ಳಾರಿ ಬಿಸಿಲಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಕ್ಯೂನಲ್ಲಿ ಆನಲ್ಲೇ ನಿಂತಾಗಲೂ ಆಯಿಲ್ ಪ್ರೆಶರ್ ಮುಳ್ಳು ಕೆಳಗೆ ಬೀಳುವುದಿಲ್ಲ. ಸ್ವಲ್ಪ ಎಣ್ಣೆ ಕುಡಿಯುತ್ತದೆ, ಮೊದಲೂ ಕುಡಿಯುತ್ತಿತ್ತು. ಅದು ಲೈನರಿನ (ಸಿಲಿಂಡರಿನ ಒಳಗೋಡೆಯ) ಕಥೆ. ಮೈಲೇಜು ಜಾಸ್ತಿಯಾಯಿತಾ ಅಂತ ಕೇಳಬೇಡಿ, ಅದಿರಿನ ರೋಡಿನಲ್ಲಿ ಮೈಲೇಜು ನಿರ್ಧರಿಸುವುದು ಗುಂಡಿಗಳು.

ಹೊಸ ಗಾಡಿಯ ವಿಷಯದಲ್ಲಿ ಡ್ರೈವರಿಗೆ ಎರಡು ಮಾತು ಹೇಳಿಟ್ಟಿದ್ದೇನೆ. ಎಣ್ಣೆ ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾದರೆ ಹೆದರಬೇಡ. ಮಸಿಯನ್ನು ಆಯಿಲ್ ಚೇಂಬರಿನಲ್ಲಿ ಕೂರಲು ಬಿಡದೆ ತನ್ನಲ್ಲೇ ತೇಲಿಸಿಕೊಂಡಿರುವುದು ಒಳ್ಳೆ ಎಣ್ಣೆಯ ಕೆಲಸ. ಎರಡನೆಯದು, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿದ್ದು ಕಂಡರೆ ಖುಷಿಪಡಬೇಡ, ಫೋನ್ ಮಾಡು. ನಮ್ಮದು ಕ್ಯೂನಲ್ಲಿ ನಿಲ್ಲುವ ಕೆಲಸ, ಗಾಡಿ ಬಿಸಿಯಾಗಿ ಉದ್ದಕ್ಕೆ ಓಡುವುದೇ ಕಡಿಮೆ. ರೀಜೆನ್ ಶುರುವಾಗುತ್ತದೆ, ಅಷ್ಟರಲ್ಲಿ ಲೋಡಿಂಗ್ ಪಾಯಿಂಟ್ ಬಂತು ಅಂತ ಆಫ್ ಮಾಡುತ್ತಾರೆ. ಹೀಗೇ ಆಗುತ್ತಿದ್ದರೆ ರೀಜೆನ್ನಿಗೆಂದು ಹೊಡೆದ ಡೀಸೆಲ್ ಲೈನರಿನ ಗೋಡೆ ಹಿಡಿದು ಎಣ್ಣೆಗೆ ಇಳಿಯುತ್ತದೆ. ಎಣ್ಣೆ ತೆಳ್ಳಗಾಗುತ್ತದೆ, ಕಡ್ಡಿ ವಾಸನೆ ನೋಡಿದರೆ ಗೊತ್ತಾಗುತ್ತದೆ. ಎಷ್ಟೇ ದುಬಾರಿ ಎಣ್ಣೆ ಹಾಕಿದರೂ ಇದನ್ನು ತಡೆಯಲ್ಲ.

ಅದಕ್ಕೇ ಪ್ಯಾಕಿನ ಮೇಲೆ ಬರೆಯುವ, ಲಕ್ಷ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿ ಅನ್ನುವಂಥ ಲೆಕ್ಕ ಹೈವೇ ಗಾಡಿಗಳಿಗೆ. ಟಿಪ್ಪರಿನವರು ಗಂಟೆಯ ಲೆಕ್ಕ ಇಡಿ. ಮೀಟರ್ ನಿಂತಿದ್ದರೂ ಎಂಜಿನ್ ಓಡುತ್ತಲೇ ಇರುತ್ತದಲ್ಲ. ಅದಿರಿನ ಕೆಂಪು ಧೂಳಂತೂ ಏರ್ ಫಿಲ್ಟರಿನ ಅಂಚು ಸ್ವಲ್ಪ ಸಡಿಲಾದರೂ ಒಳಗೆ ಹೋಗಿ ಎಣ್ಣೆಯನ್ನು ಸಾಣೆಪುಡಿ ಮಾಡಿಬಿಡುತ್ತದೆ. ಎಣ್ಣೆ ಬದಲಿಸುವಾಗ ಆಯಿಲ್ ಫಿಲ್ಟರ್ ಉಳಿಸುವ ಜನ ಇನ್ನೂ ಇದ್ದಾರೆ, ಅವರಿಗೆ ಏನು ಹೇಳುವುದೋ ಗೊತ್ತಿಲ್ಲ.

ರೇಟು ಜಾಸ್ತಿ, ಅದನ್ನು ಒಪ್ಪಬೇಕು. ಯಾವ ಕಂಪನಿಯದಾದರೂ ಸಿಕೆ-4 ಅಂದರೆ ಸಿಐ-4ಕ್ಕಿಂತ ಮೇಲೆಯೇ. ಆದರೆ ಎರಡು ಬಕೆಟ್ ಇಟ್ಟರೆ ರಾತ್ರಿ ಟಾಪ್-ಅಪ್ ಮಾಡುವ ಕ್ಲೀನರ್ ಕೈಗೆ ಸಿಕ್ಕಿದ್ದನ್ನು ಸುರಿಯುತ್ತಾನೆ. ಶೆಡ್ಡಿನಲ್ಲಿ ಒಂದೇ ಇದ್ದರೆ ತಪ್ಪು ಮಾಡಲು ಜಾಗವೇ ಇಲ್ಲ. ನಾನು ಹೆಚ್ಚಿಗೆ ಕೊಡುವ ದುಡ್ಡು ಇದಕ್ಕೆ. ಬಿಎಸ್-3, ಬಿಎಸ್-4 ಗಾಡಿ ಮಾತ್ರ ಇರುವವರು ಈ ಖರ್ಚಿಗೆ ಹೋಗಬೇಕಿಲ್ಲ, ಒಳ್ಳೆ ಸಿಐ-4 ಪ್ಲಸ್ (ಸಿಐ-4ರದ್ದೇ ಸುಧಾರಿಸಿದ ದರ್ಜೆ) ಸಾಕು. ಎಫ್‌ಎ-4 ಅಂತ ಬರೆದ ಎಣ್ಣೆ ಮಾತ್ರ ಹಳೇ ಗಾಡಿಗೆ ಹಾಕಬೇಡಿ, ಅದು ತೆಳು, ಅದಕ್ಕೆಂದೇ ಮಾಡಿದ ಎಂಜಿನ್ನಿಗೆ ಮಾತ್ರ. ಹೊಸ ಗಾಡಿ ವಾರಂಟಿಯಲ್ಲಿದ್ದರೆ ಮ್ಯಾನ್ಯುಯಲ್ಲಿನಲ್ಲಿ ಇರುವುದನ್ನೇ ಹಾಕಿಸಿ, ಬಿಲ್ ಇಟ್ಟುಕೊಳ್ಳಿ.

ಸಿಕೆ-4 ಸಣ್ಣ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಹೊಸಪೇಟೆಗೆ ಬಂದಾಗ ತರುತ್ತೇನೆ. ಬಿಲ್ ಕೊಡದ ಕಡೆ, ರೇಟು ತೀರಾ ಕಡಿಮೆ ಹೇಳುವ ಕಡೆ ಬಕೆಟ್ ಮುಟ್ಟುವುದೇ ಇಲ್ಲ. ಖಾಲಿ ಬಕೆಟ್ಟಿಗೆ ಗುಜರಿಯವನು ಒಳ್ಳೆ ರೇಟು ಕೊಡುತ್ತಾನೆ, ಯಾಕೆ ಅಂತ ಯೋಚಿಸಿ. ನನ್ನದು ಖಾಲಿಯಾದ ತಕ್ಷಣ ತಳಕ್ಕೆ ಸುತ್ತಿಗೆಯಲ್ಲಿ ಮೊಳೆ ಹೊಡೆದು ತೂತು ಮಾಡಿಯೇ ಹೊರಗೆ ಹಾಕುವುದು.