ಅರ್ಥವೋ ಅರ್ಧವೋ: ಅಗ್ಗದ ಇ-ರೀಡರ್, ಟ್ಯಾಬ್ಲೆಟ್ ಮತ್ತು ಫೋನಿನಲ್ಲಿ ಕನ್ನಡದ ಓದು

ಡೊಂಬಿವಲಿಯಿಂದ ಮುಂಬೈ ಸಿಎಸ್‌ಎಂಟಿಗೆ ನಿತ್ಯ ಲೋಕಲ್ ರೈಲಿನಲ್ಲಿ ಹೋಗಿಬರುವ ನನಗೆ ದಿನಕ್ಕೆ ಎರಡೂವರೆ ಗಂಟೆಯಷ್ಟು ಓದಿನ ಸಮಯ ಸಿಗುತ್ತದೆ. ಮನೆಯಲ್ಲಿ ಅಷ್ಟು ಎಂದೂ ಸಿಕ್ಕಿದ್ದಿಲ್ಲ. ಆದರೆ ಕನ್ನಡ ಪುಸ್ತಕ ಬೇಕೆಂದರೆ ಊರಿಗೆ ಹೋದಾಗ ಹೊತ್ತು ತರಬೇಕು, ಇಲ್ಲವೆ ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ಪುಸ್ತಕ ಬಿಡುಗಡೆಯಿದ್ದ ದಿನ ಕಾದು ಕೊಳ್ಳಬೇಕು. ಕೊಂಡದ್ದನ್ನು ಇಡುವುದಕ್ಕೂ ಒಂದು ಕೋಣೆಯ ಮನೆಯಲ್ಲಿ ಜಾಗ ಹುಡುಕಬೇಕು. ಹೀಗಾಗಿ ಕಳೆದ ಒಂದು ವರ್ಷ ಆರು ಇಂಚಿನ ಅಗ್ಗದ ಇ-ರೀಡರ್, ಎಂಟು ಇಂಚಿನ ಸಾಧಾರಣ ಟ್ಯಾಬ್ಲೆಟ್ ಮತ್ತು ನನ್ನ ಕೈಯಲ್ಲಿ ಹೇಗೂ ಇದ್ದ ಫೋನು, ಈ ಮೂರರಲ್ಲೂ ಕನ್ನಡವನ್ನೇ ಓದಿ ನೋಡಿದೆ. ತಯಾರಕರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಒಂದು ಕಂಪನಿಯವಲ್ಲ, ಆ ಬೆಲೆಯ ಸಾಧನಗಳವು.

ಮೊದಲು ಇ-ರೀಡರಿನ ನಿಸ್ಸಂದೇಹವಾದ ಗುಣವನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಸಿಎಸ್‌ಎಂಟಿ ಕಡೆಗೆ ಹೋಗುವ ರೈಲಿನಲ್ಲಿ ಎಡಗಡೆಯ ಕಿಟಕಿಗೆ ಬಿಸಿಲು ನೇರವಾಗಿ ಹೊಡೆಯುತ್ತದೆ. ಆ ಬಿಸಿಲಿನಲ್ಲಿ ಟ್ಯಾಬ್ಲೆಟ್ ಹಿಡಿದರೆ ಪರದೆಯಲ್ಲಿ ನನ್ನ ಮುಖ, ಮೇಲಿನ ಫ್ಯಾನು, ಎದುರು ಸೀಟಿನವರ ಅಂಗಿ ಎಲ್ಲವೂ ಕಾಣುತ್ತವೆ, ಅಕ್ಷರ ಮಾತ್ರ ಕಾಣುವುದಿಲ್ಲ. ಇ-ಇಂಕ್ ಪರದೆಯಲ್ಲಿ ಹಾಗಾಗುವುದಿಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳು ತುಂಬಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಕಪ್ಪು ಕಣ ಮೇಲೆ ಬಂದಲ್ಲಿ ಅಕ್ಷರ, ಬಿಳಿ ಕಣ ಮೇಲೆ ಬಂದಲ್ಲಿ ಕಾಗದ. ಒಮ್ಮೆ ಮೇಲೆ ಬಂದ ಕಣ ವಿದ್ಯುತ್ತಿಲ್ಲದೆಯೂ ಅಲ್ಲೇ ನಿಲ್ಲುತ್ತದೆ. ಬಿಸಿಲು ಹೆಚ್ಚಿದಷ್ಟೂ ಪುಟ ಸ್ಪಷ್ಟವಾಗುವುದಕ್ಕೂ, ದಿನಕ್ಕೆ ಎರಡು ಗಂಟೆ ಓದಿದರೂ ಬ್ಯಾಟರಿ ನನಗೆ ಹದಿನೆಂಟು ದಿನ ಬಂದದ್ದಕ್ಕೂ ಇದೇ ಕಾರಣ. ಟ್ಯಾಬ್ಲೆಟ್ಟನ್ನು ಮೂರು ದಿನಕ್ಕೊಮ್ಮೆ ಚಾರ್ಜಿಗೆ ಹಾಕಬೇಕಾಯಿತು.

ಸಂದೇಹಗಳು ಶುರುವಾಗುವುದು ಅಕ್ಷರದ ಬಳಿಗೆ ಬಂದಾಗ. ಅಗ್ಗದ ಇ-ರೀಡರ್‌ಗಳಲ್ಲಿ, ಮುಖ್ಯವಾಗಿ ಹಳೆಯವು ಮತ್ತು ಸೆಕೆಂಡ್‌ಹ್ಯಾಂಡ್ ಸಿಗುವವುಗಳಲ್ಲಿ, ಪರದೆ 800 ಅಡ್ಡ 600 ಚುಕ್ಕೆಗಳದ್ದು. ಚುಕ್ಕೆ ಎಂದರೆ ಪಿಕ್ಸೆಲ್. ಮೂಲೆಯಿಂದ ಮೂಲೆಗೆ ಆರು ಇಂಚು ಎಂದು ಲೆಕ್ಕ ಹಾಕಿದರೆ ಇಂಚಿಗೆ 167 ಚುಕ್ಕೆ. ಇಂಗ್ಲಿಷ್ ಓದುವವರು ಇದು ಸಾಕು ಎನ್ನುತ್ತಾರೆ, ಅವರಿಗೆ ಸಾಕೂ ಹೌದು. ಕನ್ನಡಕ್ಕೆ ಸಾಲದು. ಹತ್ತು ಪಾಯಿಂಟಿನ ಅಕ್ಷರಕ್ಕೆ ಆ ಪರದೆಯಲ್ಲಿ ಮೇಲಿನಿಂದ ಕೆಳಗೆ ಸಿಗುವುದು ಸುಮಾರು 23 ಚುಕ್ಕೆ. ಆ 23ರಲ್ಲೇ ತಲೆಕಟ್ಟು, ಗುಡಿಸು, ಅಕ್ಷರದ ಹೊಟ್ಟೆ, ಅದರ ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು ಎಲ್ಲವೂ ಹಿಡಿಸಬೇಕು. ‘ಜ್ಯೋತ್ಸ್ನೆ’ ಎಂಬ ಪದವನ್ನು ಹತ್ತಿರದಿಂದ ನೋಡಿದಾಗ ತಕಾರದ ಕೆಳಗಿನ ಎರಡು ಒತ್ತುಗಳು ಒಂದು ಬೂದು ಕಲೆಯಾಗಿ ಕೂಡಿಕೊಂಡಿದ್ದವು. ಅದನ್ನಾದರೂ ಸಂದರ್ಭದಿಂದ ಊಹಿಸಬಹುದು. ನನ್ನನ್ನು ನಿಜವಾಗಿ ಕಾಡಿದ್ದು ದ, ಧ, ಥ ಈ ಮೂರರ ನಡುವಿನ ವ್ಯತ್ಯಾಸ. ಧಕಾರವನ್ನು ದಕಾರದಿಂದ ಬೇರ್ಪಡಿಸುವುದು ಕೆಳಗಿನ ಒಂದು ಸಣ್ಣ ಸೀಳು; ಥಕಾರವನ್ನು ಧಕಾರದಿಂದ ಬೇರ್ಪಡಿಸುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಆ ಚುಕ್ಕೆ ಪರದೆಯಲ್ಲಿ ಅಳಿಸಿಹೋದರೆ ‘ಅರ್ಥ’ವು ‘ಅರ್ಧ’ವಾಗುತ್ತದೆ. ‘ಅವನಿಗೆ ಅರ್ಥವಾಯಿತು’ ಎಂಬ ವಾಕ್ಯವನ್ನು ನಾನು ಕುರ್ಲಾ ಹತ್ತಿರ ಎರಡು ಸಲ ತಪ್ಪಾಗಿ ಓದಿ, ಹಿಂದಿನ ಪುಟಕ್ಕೆ ಹೋಗಿ ಬಂದು ಸರಿಪಡಿಸಿಕೊಂಡೆ. ಕಾದಂಬರಿಯಲ್ಲಿ ಒಮ್ಮೆ ಹೀಗಾದರೆ ಸಹಿಸಬಹುದು, ಪುಟಕ್ಕೊಮ್ಮೆ ಆದರೆ ಓದು ಕೈಬಿಡುತ್ತದೆ.

ಒಬ್ಬ ಸಹೋದ್ಯೋಗಿಯ ಬಳಿ ಇದ್ದ, ಇಂಚಿಗೆ 300 ಚುಕ್ಕೆಯ ಆರು ಇಂಚಿನ ಇ-ರೀಡರನ್ನು ಎರಡು ವಾರ ಎರವಲು ತಂದು ಅದೇ ಕಡತ, ಅದೇ ಪುಟ ತೆರೆದೆ. ಅದೇ ಅಕ್ಷರಕ್ಕೆ ಅಲ್ಲಿ ಸುಮಾರು 42 ಚುಕ್ಕೆ ಸಿಗುತ್ತವೆ. ಥಕಾರದ ಚುಕ್ಕೆ ಅಚ್ಚಿನ ಪುಸ್ತಕದಲ್ಲಿ ಇರುವಂತೆ ಇತ್ತು, ಅರ್ಕಾವೊತ್ತಿನ ಸುರುಳಿ ಸಹ ಸುರುಳಿಯಾಗಿಯೇ ಇತ್ತು. ಫೋನಿನಲ್ಲಿ ಇಂಚಿಗೆ 400ರಷ್ಟು ಚುಕ್ಕೆಗಳಿರುವುದರಿಂದ ಈ ಪರೀಕ್ಷೆಯಲ್ಲಿ ಅದಕ್ಕೇ ಮೊದಲ ಸ್ಥಾನ ಎಂದು ಒಪ್ಪಲೇಬೇಕು. ಟ್ಯಾಬ್ಲೆಟ್ಟಿನಲ್ಲಿ 189 ಮಾತ್ರ ಇದ್ದರೂ ಪರದೆ ದೊಡ್ಡದಾದ್ದರಿಂದ ಅಕ್ಷರವನ್ನು ಹಿಗ್ಗಿಸಿಕೊಳ್ಳಲು ಜಾಗವಿತ್ತು. ಅಂದರೆ ಅಗ್ಗದಲ್ಲಿ ಅಗ್ಗವಾದ ಇ-ರೀಡರ್ ಕೊಂಡು ಉಳಿಸುವ ಹಣವನ್ನು ಕನ್ನಡದ ಓದುಗ ತನ್ನ ಒತ್ತಕ್ಷರಗಳ ರೂಪದಲ್ಲಿ ತೆರುತ್ತಾನೆ. ಉಳಿದ ಯಾವ ಸೌಲಭ್ಯವನ್ನು ಬಿಟ್ಟರೂ ಸರಿ, 300 ಚುಕ್ಕೆಯ ಪರದೆಯನ್ನು ಬಿಡಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಪರದೆ ಎಷ್ಟೇ ಚೆನ್ನಾಗಿದ್ದರೂ ಒಳಗಿನ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರಬೇಕು. ಯೂನಿಕೋಡ್‌ನಲ್ಲಿ ‘ಸ್ತ್ರೀ’ ಎಂಬುದು ಸಕಾರ, ವಿರಾಮ (ಸ್ವರವಿಲ್ಲ ಎಂದು ತೋರಿಸುವ ಚಿಹ್ನೆ), ತಕಾರ, ವಿರಾಮ, ರಕಾರ, ಈಕಾರ ಎಂದು ಬಿಡಿಬಿಡಿಯಾಗಿ ದಾಖಲಾಗಿರುತ್ತದೆ. ಅದನ್ನು ಒಂದೇ ಅಕ್ಷರವಾಗಿ ಕಟ್ಟುವ ಕೆಲಸ ಸಾಧನದ್ದು. ನನ್ನ ಇ-ರೀಡರಿನ ಮೂಲ ತಂತ್ರಾಂಶ ಇದನ್ನು ಮಾಡುತ್ತಿತ್ತು, ಆದರೆ ಅದರ ಕನ್ನಡ ಅಕ್ಷರ ಬಹಳ ತೆಳುವಾಗಿತ್ತು. ನೋಟೋ ಸೆರಿಫ್ ಕನ್ನಡ ಎಂಬ ಉಚಿತ ಅಕ್ಷರವಿನ್ಯಾಸವನ್ನು ಕೇಬಲ್ ಮೂಲಕ ಹಾಕಿ, ದಪ್ಪವನ್ನು ಒಂದು ಹಂತ ಏರಿಸಿ, ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿದ ಮೇಲೆ ಪುಟಕ್ಕೆ ಜೀವ ಬಂತು. ಅಂತರ ಹೆಚ್ಚಿಸುವುದನ್ನು ಮರೆಯಬಾರದು. ಇಂಗ್ಲಿಷಿಗೆ ಹೊಂದುವ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಎಪ್ಪತ್ತೆರಡು ವರ್ಷದ ನನ್ನ ತಂದೆಯವರಿಂದ ಇನ್ನೊಂದು ವಿಷಯ ತಿಳಿಯಿತು. ಅವರಿಗೆ ಅಕ್ಷರ ದೊಡ್ಡದಾಗಿರಬೇಕು. ದೊಡ್ಡದು ಮಾಡಿಕೊಟ್ಟಾಗ ಸಾಲಿಗೆ ಎರಡೋ ಮೂರೋ ಪದ ಉಳಿದವು, ಏಕೆಂದರೆ ‘ಹೋಗಬೇಕಾಗಿದ್ದುದರಿಂದ’ ಎಂಬಂಥ ಪದ ಒಂದೇ ಇಡೀ ಸಾಲನ್ನು ತುಂಬುತ್ತದೆ. ಸಾಧನವೋ ಎರಡೂ ಅಂಚುಗಳನ್ನು ಸಮ ಮಾಡುವ ಹಟದಲ್ಲಿ ಪದಗಳ ನಡುವೆ ಹೆಬ್ಬೆರಳಿನಗಲದ ಖಾಲಿ ಜಾಗ ಬಿಡುತ್ತಿತ್ತು, ಕನ್ನಡ ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬೇಕೆಂಬುದು ಅದಕ್ಕೆ ಗೊತ್ತಿರಲಿಲ್ಲ. ಸೆಟ್ಟಿಂಗ್‌ನಲ್ಲಿ ಎಡ ಅಂಚಿಗೆ ಮಾತ್ರ ಜೋಡಿಸುವಂತೆ ಬದಲಿಸಿದ ಮೇಲೆ ಅವರು ತಕರಾರಿಲ್ಲದೆ ಓದತೊಡಗಿದರು. ಈಗ ಮಧ್ಯಾಹ್ನದ ಹೊತ್ತಿನಲ್ಲಿ ಅದು ಅವರ ಕೈಯಲ್ಲೇ ಇರುತ್ತದೆ ಎಂಬುದು ನನಗೆ ಈ ಇಡೀ ಪ್ರಯೋಗದಲ್ಲಿ ಸಿಕ್ಕ ದೊಡ್ಡ ಸಂತೋಷ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ವಿಷಯದಲ್ಲಿ ಇ-ರೀಡರ್ ಸೋಲುತ್ತದೆ, ಟ್ಯಾಬ್ಲೆಟ್ ಗೆಲ್ಲುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಪುಸ್ತಕಗಳು ಪುಟದ ಚಿತ್ರಗಳೇ ಹೊರತು ಅಕ್ಷರಗಳಲ್ಲ. ಹಳದಿಗಟ್ಟಿದ ಕಾಗದ ಇ-ಇಂಕ್ ಪರದೆಯ ಮೇಲೆ ಕೊಳೆ ಬೂದು ಬಣ್ಣಕ್ಕೆ ತಿರುಗುತ್ತದೆ, ಇಡೀ ಪುಟ ಆರು ಇಂಚಿಗೆ ಕುಗ್ಗಿದಾಗ ಅಕ್ಷರ ಇರುವೆಯಷ್ಟಾಗುತ್ತದೆ. ಚಿತ್ರವನ್ನು ತುಂಡು ಮಾಡಿ ಸಾಲುಗಳನ್ನು ಹೊಸದಾಗಿ ಜೋಡಿಸುವ ಸೌಲಭ್ಯ ಕೆಓರೀಡರ್ ಎಂಬ ಉಚಿತ ತಂತ್ರಾಂಶದಲ್ಲಿದೆ. ಅದನ್ನು ಆಸೆಯಿಂದ ಪ್ರಯತ್ನಿಸಿದೆ, ಆದರೆ ಕೆಲವು ಪುಟಗಳಲ್ಲಿ ಒತ್ತಕ್ಷರಗಳು ತಮ್ಮ ಸಾಲಿನಿಂದ ಕಳಚಿಕೊಂಡು ಬೇರೆಯೇ ಸಾಲಾಗಿ ಕೂತವು. ಸಾಧನವನ್ನು ಅಡ್ಡ ತಿರುಗಿಸಿ ಅರ್ಧರ್ಧ ಪುಟ ಓದುವುದೊಂದೇ ಉಳಿದ ದಾರಿ. ಎಂಟು ಇಂಚಿನ ಟ್ಯಾಬ್ಲೆಟ್ಟಿನಲ್ಲಿ ಅದೇ ಪುಟ ಇಡಿಯಾಗಿ, ಹಳದಿ ಬಣ್ಣದ ಸಮೇತ ಬರುತ್ತದೆ. ಸಂಶೋಧನೆಗಾಗಿ ಹಳೆಯ ಗ್ರಂಥಗಳನ್ನೇ ಹೆಚ್ಚಾಗಿ ನೋಡುವ ವಿದ್ಯಾರ್ಥಿಗಳು ಇ-ರೀಡರಿನ ಮೋಹಕ್ಕೆ ಬೀಳದೆ ಟ್ಯಾಬ್ಲೆಟ್ ಕೊಳ್ಳುವುದೇ ಸರಿ.

ಹೊಸ ಪುಸ್ತಕಗಳ ಲೆಕ್ಕ ಬೇರೆ. 2016ರ ಡಿಸೆಂಬರ್‌ನಲ್ಲಿ ಅಮೆಜಾನಿನ ಕಿಂಡಲ್ ಇ-ಪುಸ್ತಕದ ಅಂಗಡಿಯಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕಗಳು ಆರಂಭವಾದಾಗ ಇದ್ದ ಭಾಷೆಗಳು ಐದು: ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ. ಕನ್ನಡದ ಹೊಸ ಇ-ಪುಸ್ತಕಗಳು ಬೆಳೆದದ್ದು ಫೋನಿನ ಆ್ಯಪ್‌ಗಳಲ್ಲಿ. ಮೈಲ್ಯಾಂಗ್‌ನಲ್ಲಿ, ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಈಗ ಓದುವಂಥದ್ದು ಸಾಕಷ್ಟಿದೆ, ನಾನು ಕೊಂಡೂ ಇದ್ದೇನೆ. ಆದರೆ ಆ್ಯಪ್‌ನಲ್ಲಿ ಕೊಂಡದ್ದನ್ನು ನನ್ನ ಇ-ರೀಡರಿಗೆ ದಾಟಿಸಲು ಆಗಲಿಲ್ಲ. ಹೀಗೆ ಕಣ್ಣಿಗೆ ಹಿತವಾದ ಪರದೆ ಒಂದು ಕಡೆ, ಈ ವರ್ಷ ಬಂದ ಕಾದಂಬರಿ ಇನ್ನೊಂದು ಕಡೆ ಉಳಿದವು. ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನಗಳು ಎರಡನ್ನೂ ಕೂಡಿಸುತ್ತವೆ, ಆದರೆ ಅವುಗಳ ಬೆಲೆ ಈ ಲೇಖನದ ಮಿತಿಗೆ ಮೀರಿದ್ದು.

ಇ-ರೀಡರಿಗೆ ಆಹಾರವೇ ಇಲ್ಲವೆಂದಲ್ಲ. ನಮ್ಮ ಕಾನೂನಿನಂತೆ ಲೇಖಕ ತೀರಿಕೊಂಡ ಅರವತ್ತು ವರ್ಷಗಳ ಬಳಿಕ ಕೃತಿಸ್ವಾಮ್ಯ ಮುಗಿಯುವುದರಿಂದ, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1942ರಲ್ಲಿ ತೀರಿಕೊಂಡ ಗಳಗನಾಥರು ಮೊದಲಾದವರ ಬರಹ ಈಗ ಎಲ್ಲರದ್ದು. ಕನ್ನಡ ವಿಕಿಸೋರ್ಸ್‌ನಲ್ಲಿ ಅಕ್ಷರರೂಪಕ್ಕೆ ಬಂದಿರುವ ಪುಸ್ತಕವನ್ನು ಇ-ಪಬ್ ಎಂಬ ಇ-ಪುಸ್ತಕ ರೂಪದ ಕಡತವಾಗಿ ಇಳಿಸಿಕೊಂಡರೆ ಅದು ಈ ಸಾಧನದಲ್ಲಿ ಅಚ್ಚುಕಟ್ಟಾಗಿ ತೆರೆಯುತ್ತದೆ. ಅಲ್ಲಿ ಸ್ವಯಂಸೇವಕರು ಕೂತು ಬೆರಳಚ್ಚು ಮಾಡಿ, ತಿದ್ದಿ ಇಟ್ಟ ಒಂದೊಂದು ಪುಟವೂ ಲೋಕಲ್ ರೈಲಿನ ನನ್ನಂಥ ಓದುಗನಿಗೆ ಉಪಕಾರ. ‘ನುಡಿ’, ‘ಬರಹ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳನ್ನು ಮಾತ್ರ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ.

ಗಟ್ಟಿತನದ ಬಗ್ಗೆ ನನ್ನ ಅನುಭವ ಕಹಿಯಾದದ್ದು. ನನ್ನ ಮೊದಲ ಇ-ರೀಡರ್ ದಾದರ್‌ನಲ್ಲಿ ಇಳಿಯುವ ನೂಕುನುಗ್ಗಲಿನಲ್ಲಿ, ಚೀಲದೊಳಗಿದ್ದ ಊಟದ ಡಬ್ಬಿಗೆ ಒತ್ತಿಕೊಂಡು ಹಾಳಾಯಿತು. ಹೊರಗಿನಿಂದ ಒಂದು ಗೀರೂ ಇಲ್ಲ, ಆದರೆ ಪರದೆಯ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಅಂದು ಓದುತ್ತಿದ್ದ ಪುಟದ ಸಾಲುಗಳು ಶಾಶ್ವತವಾಗಿ ನಿಂತುಬಿಟ್ಟವು. ಇ-ಇಂಕ್ ಪದರದ ಹಿಂದಿನ ಗಾಜು ಬಹಳ ತೆಳು. ಬದಲಿಸುವ ಖರ್ಚು ಹೊಸದರ ಬೆಲೆಯ ಹತ್ತಿರ ಹೋಗುತ್ತದೆ. ಎರಡನೆಯದಕ್ಕೆ ಗಟ್ಟಿ ಹೊದಿಕೆ ಹಾಕಿಸಿದೆ. ಅಡುಗೆಮನೆಯ ತಕ್ಕಡಿಯಲ್ಲಿ 176 ಗ್ರಾಂ ಇದ್ದದ್ದು 285 ಆಯಿತು, ಆದರೂ 340 ಗ್ರಾಮಿನ ಟ್ಯಾಬ್ಲೆಟ್ಟಿಗಿಂತ ಹಗುರ, ಒಂದು ಕೈ ಮೇಲಿನ ಹಿಡಿಕೆಯಲ್ಲಿದ್ದಾಗ ಇನ್ನೊಂದರಲ್ಲಿ ಹಿಡಿದು ಹೆಬ್ಬೆರಳಿನಿಂದ ಪುಟ ತಿರುವಬಹುದು. ಅಗ್ಗದ ಮಾದರಿಗೆ ನೀರಿನಿಂದ ರಕ್ಷಣೆಯಿಲ್ಲ. ಮುಂಬೈಯ ಜುಲೈ ತಿಂಗಳಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಬೇಕೇ ಬೇಕು, ಕಿಟಕಿಯಿಂದ ಬಂದ ಒಂದು ಹನಿ ಪರದೆಗೆ ಬಿದ್ದರೂ ಪುಟ ತಾನಾಗಿ ಮಗುಚುತ್ತದೆ. ಒಳಬೆಳಕು ನೀಲಿಛಾಯೆಯದು, ಅದನ್ನು ಕಡಿಮೆ ಮಾಡಿಟ್ಟುಕೊಂಡರೆ ಮನೆಯವರು ಮಲಗಿದ ಮೇಲೆ ಓದಲು ಸಾಕು. ಕನ್ನಡ ಕೀಲಿಮಣೆ ಇಲ್ಲದ್ದರಿಂದ ಪುಸ್ತಕದೊಳಗೆ ಕನ್ನಡ ಪದ ಹುಡುಕುವಂತಿಲ್ಲ.

ಫೋನಿನಲ್ಲಿ ಕನ್ನಡ ಕೀಲಿಮಣೆಯೂ ಇದೆ, ಪದ ಹುಡುಕಲೂ ಬರುತ್ತದೆ, ಅಂಗಿಯ ಜೇಬಿನಲ್ಲಿಯೂ ಹಿಡಿಸುತ್ತದೆ. ಆದರೆ ಠಾಣೆ ದಾಟುವಷ್ಟರಲ್ಲಿ ಕಚೇರಿಯ ಎರಡು ಸಂದೇಶ, ಬ್ಯಾಂಕಿನ ಒಂದು ಕರೆ ಬಂದಿರುತ್ತವೆ. ಅಧ್ಯಾಯದ ಎಳೆ ಹರಿದಿರುತ್ತದೆ. ಒಂದು ವರ್ಷದ ಲೆಕ್ಕ ತೆಗೆದಾಗ ಫೋನಿನಲ್ಲಿ ನಾನು ಕೊನೆಯ ಪುಟದವರೆಗೆ ಓದಿದ್ದು ಮೂರು ಪುಸ್ತಕ, ಇ-ರೀಡರಿನಲ್ಲಿ ಹದಿನಾಲ್ಕು. ಈ ಒಂದು ಕಾರಣಕ್ಕಾಗಿ ಎಲ್ಲ ಕೊರತೆಗಳ ಸಮೇತ ನನ್ನ ಆಯ್ಕೆ ಇ-ರೀಡರೇ, ಆದರೆ 300 ಚುಕ್ಕೆಯದು. ಎರವಲು ತಂದದ್ದನ್ನು ಮರಳಿಸಿದ ವಾರವೇ ನನ್ನ 167ರದ್ದನ್ನು ತಂದೆಯವರಿಗೆ ಬಿಟ್ಟು, ಅವರಿಗೆ ದೊಡ್ಡ ಅಕ್ಷರವೇ ಬೇಕಾದ್ದರಿಂದ ಅದು ಸಾಕಾಗಿದೆ, ನಾನು ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು 300ರದ್ದನ್ನು ಕೊಂಡೆ.

ಕೊಳ್ಳಲು ಹೋದಾಗ ಒಂದೇ ಸಾಲಿನ ಇ-ಪಬ್ ಕಡತವನ್ನು ಮೊದಲೇ ಸಿದ್ಧಮಾಡಿ ಕೊಂಡೊಯ್ದಿದ್ದೆ. ‘ಅರ್ಥ, ಅರ್ಧ, ಸ್ತ್ರೀ, ರಾಷ್ಟ್ರ, ಜ್ಯೋತ್ಸ್ನೆ, ಸ್ವಾತಂತ್ರ್ಯ.’ ಮಾರುವವರ ಎದುರಿಗೇ ಅದನ್ನು ಹಾಕಿಸಿ, ಅಕ್ಷರವನ್ನು ಎರಡನೆಯ ಅತಿ ಸಣ್ಣ ಅಳತೆಗೆ ಇಳಿಸಿ, ಬಾಗಿಲ ಬಳಿಯ ಬೆಳಕಿಗೆ ಹೋಗಿ ಥಕಾರದ ಚುಕ್ಕೆಯನ್ನು ಹುಡುಕಿದೆ. ಇತ್ತು. ಬಳಿಕವೇ ಬೆಲೆ ಕೇಳಿದೆ.