ಪಂಚಾಂಗ, ಟಿ.ವಿ. ಭವಿಷ್ಯ, ಜಾತಕದ ಆ್ಯಪ್: ಮೂರರ ಮಾತನ್ನೂ ಕೇಳಿ ನಡೆದ ಮೇಲೆ

ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ದಿನನಿತ್ಯದ ವ್ಯವಹಾರವನ್ನೆಲ್ಲ ಜ್ಯೋತಿಷ್ಯ ಹೇಳಿದಂತೆಯೇ ನಡೆಸಿ ನೋಡಿದೆ. ಮೂರರಲ್ಲಿ ನನಗೆ ಒಗ್ಗಿದ್ದು ಕಳೆದ ಯುಗಾದಿಗೆ ಮನೆಗೆ ತಂದಿದ್ದ ಒಂಟಿಕೊಪ್ಪಲ್ ಪಂಚಾಂಗ. ವರ್ಷಕ್ಕೆ 999 ರೂಪಾಯಿ ತೆತ್ತ ಆ್ಯಪ್ ದಂಡವಾಯಿತು.

ಜನವರಿಯ ಮೊದಲ ವಾರ ಜಯನಗರದ ತಿರುವೊಂದರಲ್ಲಿ ಸ್ಕೂಟರ್ ಜಾರಿ ಮೊಣಕೈ ತರಚಿಸಿಕೊಂಡು ಮನೆಗೆ ಬಂದಾಗ, "ಚಂದ್ರಾಷ್ಟಮದಲ್ಲಿ ಗಾಡಿ ಯಾಕೋ ತೆಗೆದೆ?" ಎಂದು ಅಮ್ಮ ಗದರಿದ್ದೇ ಇದಕ್ಕೆಲ್ಲ ಮೂಲ. ನನ್ನದು ಹಸ್ತಾ ನಕ್ಷತ್ರ, ಕನ್ಯಾ ರಾಶಿ. ಅಲ್ಲಿಂದ ಎಂಟನೆಯದಾದ ಮೇಷದಲ್ಲಿ ಚಂದ್ರನಿರುವ ಸುಮಾರು ಎರಡೂಕಾಲು ದಿನ ನನಗೆ ಪ್ರತಿ ತಿಂಗಳೂ ಚಂದ್ರಾಷ್ಟಮ. ಮುಂದಿನದು ಮೊದಲೇ ತಿಳಿದಿರಲೆಂದು ಆ್ಯಪ್ ಹಾಕಿಕೊಂಡೆ. ಅದು ಹುಟ್ಟಿದ ತಾರೀಖು ಮಾತ್ರ ನೋಡಿ, ಡಿಸೆಂಬರಿನವನೆಂದು ನನ್ನನ್ನು ಧನು ರಾಶಿಗೆ ಸೇರಿಸಿತು. ಪಾಶ್ಚಾತ್ಯರ ಸೂರ್ಯರಾಶಿಯನ್ನು ಬಿಟ್ಟು ನಮ್ಮ ಚಂದ್ರರಾಶಿಯನ್ನು ಹಿಡಿಯುವಂತೆ ಅದನ್ನು ತಿದ್ದುವ ಜಾಗ ಸಿಗುವಷ್ಟರಲ್ಲಿ ಒಂದು ವಾರ ಬೇರೆಯವರ ಭವಿಷ್ಯವನ್ನು ಪಾಲಿಸಿದ್ದಾಗಿತ್ತು.

ಆದರೆ ನಿಜವಾಗಿ ತಲೆ ಕೆಡಿಸಿದ್ದು ರಾಹುಕಾಲ. ಬೆಳಿಗ್ಗೆ 6ಕ್ಕೆ ಸೂರ್ಯೋದಯ, ಸಂಜೆ 6ಕ್ಕೆ ಅಸ್ತ ಎಂದು ಹಿಡಿದು ಹಗಲನ್ನು ಎಂಟು ಭಾಗ ಮಾಡಿದರೆ ಒಂದೊಂದೂ ಒಂದೂವರೆ ಗಂಟೆಯಾಗುತ್ತದೆ. ಸೋಮವಾರ ಎರಡನೆಯ ಭಾಗ ರಾಹುವಿನದಾದ್ದರಿಂದ ಮನೆಮನೆಯ ಕ್ಯಾಲೆಂಡರಿನಲ್ಲೂ 7:30ರಿಂದ 9 ಎಂದಿರುತ್ತದೆ. ಆ್ಯಪ್ ಮಾತ್ರ ಆಯಾ ದಿನದ ನಿಜವಾದ ಸೂರ್ಯೋದಯವನ್ನು ಹಿಡಿಯುತ್ತದೆ. ಜನವರಿಯ ನಡುವಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಸುಮಾರು 6:45ಕ್ಕೆ. ಹಗಲೂ ಹನ್ನೆರಡು ಗಂಟೆಗಿಂತ ಚಿಕ್ಕದು. ಹಾಗಾಗಿ ಅದರ ಲೆಕ್ಕದಲ್ಲಿ ಅದೇ ಸೋಮವಾರದ ರಾಹುಕಾಲ 8:11ಕ್ಕೆ ಶುರುವಾಗಿ 9:37ಕ್ಕೆ ಮುಗಿಯುತ್ತದೆ. ಗಣಿತ ಆ್ಯಪಿನದೇ ಸರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಎರಡನ್ನೂ ನಂಬಲು ಹೊರಟವನಿಗೆ 7:30ರಿಂದ 9:37ರವರೆಗೆ ಹೊಸ್ತಿಲು ದಾಟುವಂತಿಲ್ಲ, ನಾನು ಆಫೀಸಿಗೆ ಹೊರಡಬೇಕಾದದ್ದೇ ಎಂಟಕ್ಕೆ.

ಮೊದಲ ಸೋಮವಾರ ಶೂ ಕಟ್ಟಿಕೊಂಡು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ಮೇಲೆ ಕೂತಿದ್ದೆ. ಫೋನು ಕೆಂಪು ಸೂಚನೆ ತೋರಿಸುತ್ತಲೇ ಇತ್ತು. ಅಡುಗೆಮನೆಯಿಂದ ಹೊರಬಂದ ಅಮ್ಮ ನನ್ನನ್ನು ನೋಡಿ, "ದಿನಾ ಹೋಗೋ ಆಫೀಸಿಗೆ ಎಂಥ ರಾಹುಕಾಲವೋ? ಹೊಸದಾಗಿ ಶುರು ಮಾಡೋದಕ್ಕೆ ನೋಡಬೇಕು," ಎಂದಳು. ನಾನು ದುಡ್ಡು ಕೊಟ್ಟು ಕೊಂಡ ಆ್ಯಪಿನಲ್ಲಿ ಈ ಒಂದು ಮಾತು ಎಲ್ಲಿಯೂ ಇರಲಿಲ್ಲ. ಎರಡು ವಾರದ ನಂತರ, ಮತ್ತೊಂದು ಸೋಮವಾರ, ಶಿವಮೊಗ್ಗಕ್ಕೆ ಎಂಟೂವರೆಯ ಬಸ್ಸು ಹಿಡಿಯಬೇಕಾಗಿ ಬಂತು. ಅಮ್ಮ ಏಳೂಕಾಲಿಗೇ ನನ್ನ ಬ್ಯಾಗನ್ನು ಪಕ್ಕದ ಮನೆಯ ಜಗಲಿಯಲ್ಲಿ ಇಟ್ಟುಬಂದು, ಪ್ರಯಾಣ ಆಗಲೇ ಶುರುವಾಯಿತೆಂದು ತೀರ್ಮಾನ ಕೊಟ್ಟಳು. ಪಂಚಾಂಗದಲ್ಲಿ ಕಟ್ಟುಪಾಡು ಎಷ್ಟಿದೆಯೋ, ಅದನ್ನು ಓದಿ ಬೆಳೆದವರ ಬಳಿ ರಿಯಾಯಿತಿಯೂ ಅಷ್ಟೇ ಇದೆ. ಆ್ಯಪಿನಲ್ಲಿ ರಿಯಾಯಿತಿ ಬೇಕೆಂದರೆ ಪರಿಹಾರಪೂಜೆಗೆ ಬೇರೆ ಹಣ ಕಟ್ಟಬೇಕು.

ಟಿ.ವಿ.ಯ ಬೆಳಗಿನ ಭವಿಷ್ಯಕ್ಕೆ ಖರ್ಚಿಲ್ಲ, ಕೇಳುವುದಕ್ಕೂ ಸೊಗಸು. ಆದರೆ ಒಂದೇ ದಿನ ಒಂದು ವಾಹಿನಿಯವರು ಕನ್ಯಾ ರಾಶಿಗೆ ಹಸಿರು ಶುಭವೆಂದರೆ ಇನ್ನೊಂದರವರು ಹಸಿರನ್ನು ಬಿಡಿ ಎನ್ನುತ್ತಾರೆ. ಹನ್ನೆರಡು ರಾಶಿಗಳಲ್ಲಿ ಕನ್ಯಾ ಆರನೆಯದಾದ್ದರಿಂದ ನಮ್ಮ ಸರದಿ ಬರುವಷ್ಟರಲ್ಲಿ ಜಾಹೀರಾತು ಬಂದು, ಇಡ್ಲಿ ತಣ್ಣಗಾಗಿರುತ್ತದೆ.

ಊರೂರು ಸುತ್ತುವವರಿಗೆ, ಮುಖ್ಯವಾಗಿ ವಿದೇಶದಲ್ಲಿದ್ದುಕೊಂಡು ಅಲ್ಲಿನ ಸೂರ್ಯೋದಯಕ್ಕೆ ತಕ್ಕಂತೆ ತಿಥಿ ನೋಡಬೇಕಾದವರಿಗೆ, ಆ್ಯಪ್ ಉಪಯೋಗಕ್ಕೆ ಬರಬಹುದು. ಒಂದೇ ಮನೆ, ಒಂದೇ ಆಫೀಸು, ತಿಂಗಳ ಕೊನೆಗೆ ಕೈ ಬಿಗಿಯಾಗುವ ನನ್ನಂಥವನಿಗೆ ಪಂಚಾಂಗವೇ ಸಾಕು: ಏಕಾದಶಿ, ಅಮಾವಾಸ್ಯೆ, ಚಂದ್ರ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದನ್ನು ಹೇಳಿ ಸುಮ್ಮನಾಗುತ್ತದೆ, ಮೇಲಧಿಕಾರಿ ನನ್ನ ಮೇಲೆ ಸಿಟ್ಟಾಗುತ್ತಾರೆಯೇ ಎಂಬ ಗೊಡವೆಗೆ ಹೋಗುವುದಿಲ್ಲ. ಆ್ಯಪಿನ ಚಂದಾ ತಾನಾಗಿ ಮುಂದುವರಿಯುವುದನ್ನು ನಿಲ್ಲಿಸಿದ್ದೇನೆ. ಚಂದ್ರ ಮೇಷದಲ್ಲಿರುವ, ಅಂದರೆ ಅಶ್ವಿನಿ, ಭರಣಿ, ಕೃತ್ತಿಕೆಯ ಮೊದಲ ಪಾದ ಇರುವ ದಿನಗಳಿಗೆ ಅಮ್ಮ ಪಂಚಾಂಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾಳೆ, ಆ ದಿನ ನಾನು ಬಸ್ಸಿನಲ್ಲಿ ಹೋಗುತ್ತೇನೆ.